ಮುದ್ರೆ ಮನೆಗೆ ಬಂದರೂ ಹಕ್ಕು ಬರುವುದಿಲ್ಲ

‘ಬಾಂಡ್ ಬರ್ಸೀವಿ, ನೋಟ್ರಿನೂ ಆಗೇತಿ, ಇನ್ನೇನು ಬೇಕು?’ ತುಂಗಭದ್ರೆಯ ದಂಡೆಯ ಹಲವಾಗಲಿರಲಿ, ಅತ್ತ ಕೊಟ್ಟೂರು, ಹಡಗಲಿ, ಕೂಡ್ಲಿಗಿ ಸೀಮೆಯ ಊರುಗಳಿರಲಿ, ಮನೆ ಜಾಗದ ವ್ಯವಹಾರದಲ್ಲಿ ಯಾರಾದರೂ ಅನುಮಾನ ಎತ್ತಿದರೆ ಅವರ ಬಾಯಿ ಮುಚ್ಚಿಸುವುದು ಈ ಮಾತು. ಪೇಟೆಯಲ್ಲಿ ಓದಿಕೊಂಡವರದು ಇನ್ನೊಂದು ಮಾತು: ಹಳ್ಳಿಯವರಿಗೆ ತೊಂದರೆಯೆಂದರೆ ದೂರ, ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಹರಪನಹಳ್ಳಿಯ ಕೋರ್ಟ್ ಮುಂದೆ ಕಾಯಬೇಕು, ನೋಟರಿಯೇ ಮನೆ ಬಾಗಿಲಿಗೆ ಬರುವಂತಾದರೆ ಆಸ್ತಿ ಕಾಗದ, ಮನೆ ಸಾಲದ ಕಾಗದ ಎಲ್ಲ ಸಲೀಸು. ಬೆಂಗಳೂರಿನಲ್ಲಿ ಮನೆಗೆ ಬರುವ ನೋಟರಿ ಆಗಲೇ ಒಂದು ವ್ಯಾಪಾರ. ಅದು ತಾಲ್ಲೂಕುಗಳಿಗೂ ಬರಲಿ ಎನ್ನುವುದು ಅವರ ಆಸೆ.

ಮೊದಲನೆಯವರು ಮುದ್ರೆಯನ್ನು ನಂಬಿದ್ದಾರೆ, ಎರಡನೆಯವರು ಆ ಮುದ್ರೆ ಬೇಗ ಸಿಗಲಿ ಎನ್ನುತ್ತಿದ್ದಾರೆ. ನೋಟರಿಯ ಬೆಲೆ ಇರುವುದು ಮುದ್ರೆಯಲ್ಲಿ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರು. ನೋಟರಿಯ ಬೆಲೆ ಇರುವುದು ಸಹಿ ಹಾಕುವ ಮನುಷ್ಯನನ್ನು ಆತ ಕಣ್ಣಾರೆ ಕಾಣುವುದರಲ್ಲಿ. ಅದೊಂದು ನಡೆಯದಿದ್ದರೆ ಮುದ್ರೆ ಕೋರ್ಟ್ ಮುಂದೆ ಬಿದ್ದರೂ ಒಂದೇ, ಹಲವಾಗಲಿನ ಪಡಸಾಲೆಯಲ್ಲಿ ಬಿದ್ದರೂ ಒಂದೇ.

ನೋಟರಿಯ ಕೆಲಸವೇನು ಎಂಬುದನ್ನು 1952ರ ನೋಟರಿ ಕಾಯ್ದೆಯ 8ನೇ ಕಲಂ ಪಟ್ಟಿ ಮಾಡಿದೆ. ದಸ್ತಾವೇಜಿಗೆ ಸಹಿ ಬಿದ್ದದ್ದನ್ನು ದೃಢೀಕರಿಸುವುದು, ಪ್ರಮಾಣ ಮಾಡಿಸುವುದು, ಅಫಿಡವಿಟ್ ತೆಗೆದುಕೊಳ್ಳುವುದು ಮುಖ್ಯವಾದವು. ಕಾಗದದೊಳಗೆ ಬರೆದದ್ದು ನಿಜವೇ, ಮಾರುವವನಿಗೆ ಮಾರುವ ಹಕ್ಕಿದೆಯೇ, ಜಾಗದ ಮೇಲೆ ಸಾಲವಿದೆಯೇ ಎಂದು ಹುಡುಕುವ ಹೊಣೆ ಆತನದಲ್ಲ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಆಸ್ತಿಯ ಹಿಂದಿನ ಹಕ್ಕು ಪರಿಶೀಲಿಸಿ ಪತ್ರ ಬರೆಯುವ ಹೊಣೆಯೇ ನೋಟರಿಯದು. ಅಮೆರಿಕದಲ್ಲಿ ಮನೆ ಸಾಲದ ಕಾಗದ ಹಿಡಿದು ಮನೆಗೇ ಬರುವ ನೋಟರಿಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ನೋಡುವುದು ಗುರುತಿನ ಚೀಟಿಯನ್ನು ಮತ್ತು ಸಹಿ ಹಾಕುವ ಕೈಯನ್ನು. ಹಕ್ಕಿನಲ್ಲಿ ದೋಷ ಬಂದರೆ ನಷ್ಟ ತುಂಬಲು ಅಲ್ಲಿ ಬೇರೆಯೇ ವಿಮೆ ಇದೆ. ನಮ್ಮಲ್ಲಿ ಆ ವಿಮೆ ಬಳಕೆಗೆ ಬಂದಿಲ್ಲ, ಫ್ರಾನ್ಸಿನಂಥ ನೋಟರಿಯೂ ಇಲ್ಲ. ಆದರೂ ನಂಬಿಕೆಗೆ ಮಾತ್ರ ಕೊರತೆಯಿಲ್ಲ.

ನಮ್ಮಲ್ಲಿ ಓಡಾಡುವುದು ಯಾರು? ನೋಟರಿಯೂ ಅಲ್ಲ, ಸಹಿ ಹಾಕುವವರೂ ಅಲ್ಲ. ಓಡಾಡುವುದು ಕಾಗದ. ಸಾಮಾನ್ಯವಾಗಿ ಆಗುವುದು ಹೀಗೆ: ಮಧ್ಯವರ್ತಿಯೊಬ್ಬ ಟೈಪ್ ಮಾಡಿಸಿದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬೈಕಿನಲ್ಲಿ ಬರುತ್ತಾನೆ. ಮುದುಕಿ ಕಟ್ಟೆಯ ಮೇಲೆ ಕೂತಿರುತ್ತಾಳೆ. ಇಂಕ್ ಪ್ಯಾಡಿಗೆ ಎಡಗೈ ಹೆಬ್ಬೆಟ್ಟು ಒತ್ತಿಸಿ, ಹಾಳೆಯ ಮೂಲೆ ತೋರಿಸಿ, ‘ಇಲ್ಲೊಂದು, ಇಲ್ಲೊಂದು’ ಎನ್ನುತ್ತಾನೆ. ಏನು ಬರೆದಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ಸೆರಗಿಗೆ ಬೆರಳು ಒರೆಸಿಕೊಳ್ಳುವಷ್ಟರಲ್ಲಿ ಆಕೆಯ ಪಾಲಿನ ಕೆಲಸ ಮುಗಿಯಿತು. ಹೊಳೆಯಾಚೆ ರಾಣೆಬೆನ್ನೂರು ಕಡೆ ಕೊಟ್ಟ ಮಗಳ ಸಹಿಗೆ ಕವರು ಹೊಳೆ ದಾಟುತ್ತದೆ, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಮಗನ ಸಹಿಗೆ ರಾತ್ರಿ ಬಸ್ಸು ಹತ್ತುತ್ತದೆ. ಕೊನೆಗೆ ಪೇಟೆಗೆ ಬಂದು ದುಂಡು ಮುದ್ರೆ ಹಾಕಿಸಿಕೊಳ್ಳುತ್ತದೆ. ಮುದ್ರೆಯ ಪಕ್ಕದ ಸಾಲು ಹೇಳುವುದೇನೆಂದರೆ, ಇವರೆಲ್ಲ ‘ನನ್ನ ಸಮಕ್ಷಮ’ ಸಹಿ ಮಾಡಿದ್ದಾರೆ. ಇಡೀ ಕಾಗದದಲ್ಲಿ ನೋಟರಿ ಸ್ವತಃ ಹೇಳುವ ಮಾತು ಅದೊಂದೇ. ಸುಳ್ಳಾಗುವುದೂ ಅದೇ.

ಹಳ್ಳಿಯವರಿಗೆ ಕಾನೂನು ಗೊತ್ತಿಲ್ಲ, ಅದಕ್ಕೇ ಮೋಸ ಹೋಗುತ್ತಾರೆ ಎನ್ನುವುದೂ ಬಾಯಿಪಾಠದ ಮಾತೇ. ನಿಜವೆಂದರೆ ಅವರಿಗೆ ಲೆಕ್ಕ ಗೊತ್ತು. 5 ಲಕ್ಷ ರೂಪಾಯಿಯ ಜಾಗವನ್ನು ನೋಂದಣಿ ಮಾಡಿಸಲು ಶೇ 5ರ ಮುದ್ರಾಂಕ ಶುಲ್ಕವೇ 25,000 ರೂಪಾಯಿ. ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ್ದರಿಂದ ಮತ್ತೆ 10,000. ಒಟ್ಟು 38 ಸಾವಿರದ ಆಸುಪಾಸು. ದುಡ್ಡು ಹೊಂದಿಸಿದರೂ ಗ್ರಾಮ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನಮೂನೆ 9, 11 ಬಂದಿರಬೇಕು. ಅಪ್ಪನ ಹೆಸರಿನಲ್ಲೇ ಉಳಿದ ಖಾತೆ, ಅಳತೆಯಾಗದ ಗ್ರಾಮಠಾಣ, ದಾಖಲೆಯೇ ಇಲ್ಲದ ತಾಂಡಾದ ಮನೆ, ಇವುಗಳಿಗೆ ಆ ನಮೂನೆ ಸಿಗುವುದು ಸುಲಭವಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಸರ್ಕಾರದ ಅನುಮತಿಯಿಲ್ಲದ ಪರಭಾರೆಯನ್ನೇ ಒಪ್ಪುವುದಿಲ್ಲ. ನೋಂದಣಿಯ ಬಾಗಿಲು ಮುಚ್ಚಿದ ಕಡೆಯಲ್ಲೆಲ್ಲ ನೋಟರಿಯ ಕಿಟಕಿ ತೆರೆದಿರುತ್ತದೆ. ಜನ ಅತ್ತ ಹೋಗುವುದು ದಡ್ಡತನದಿಂದಲ್ಲ, ಬೇರೆ ದಾರಿ ಕಾಣದೆ.

ಆದರೆ ಆ ಲೆಕ್ಕ ಅರ್ಧಕ್ಕೇ ನಿಂತದ್ದು. 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುತ್ತದೆ. ಮುಖ್ತ್ಯಾರನಾಮೆ (ಜಿ.ಪಿ.ಎ.), ಕರಾರು ಪತ್ರಗಳ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು, 2023ರಲ್ಲಿ ಮತ್ತೆ ಹೇಳಿತು. ಇನ್ನು ಸ್ವಾಧೀನ ಬಿಟ್ಟುಕೊಟ್ಟು ಬರೆದ ಕರಾರಾದರೆ, ಕರ್ನಾಟಕದ ಮುದ್ರಾಂಕ ಕಾಯ್ದೆ ಅದಕ್ಕೆ ಕ್ರಯಪತ್ರದಷ್ಟೇ ಶುಲ್ಕ ಕೇಳುತ್ತದೆ. ನೂರಿನ್ನೂರರ ಛಾಪಾ ಕಾಗದದಲ್ಲಿ ಬರೆಸಿದ್ದನ್ನು ಮುಂದೊಂದು ದಿನ ಕೋರ್ಟಿನಲ್ಲಿ ಹಾಜರುಪಡಿಸಿದರೆ, ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ. 25,000 ಉಳಿಸಲು ಹೋದವನ ಮುಂದೆ 2.75 ಲಕ್ಷದ ಹತ್ತಿರದ ಲೆಕ್ಕ ನಿಲ್ಲುತ್ತದೆ.

‘ಆದರೂ ದುಡ್ಡು ಕೊಟ್ಟದ್ದಕ್ಕೆ ಒಂದು ಪುರಾವೆ ಬೇಡವೇ?’ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ನೋಂದಣಿಯಾಗದ ಕರಾರನ್ನೂ, ಕ್ರಯಪತ್ರ ಬರೆದುಕೊಡಿಸಿ ಎಂದು ಹೂಡುವ ದಾವೆಯಲ್ಲಿ ಪುರಾವೆಯಾಗಿ ಮುಂದಿಡಬಹುದು. ಆದರೆ ಆ ದಾವೆಗೆ ಮೂರು ವರ್ಷದ ಕಾಲಮಿತಿಯಿದೆ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರಿನವ ಕೊಡಲೊಲ್ಲೆ ಎಂದದ್ದು ತಿಳಿದ ದಿನದಿಂದ ಅದು ಎಣಿಕೆಗೆ ಬರುತ್ತದೆ. ನಮ್ಮ ಮನೆಗಳ ಟ್ರಂಕಿನಲ್ಲಿ ನೋಟರಿ ಬಾಂಡುಗಳು ಒಂದು ತಲೆಮಾರು ನಿಶ್ಚಿಂತೆಯಾಗಿ ಮಲಗಿರುತ್ತವೆ. ಬರೆದುಕೊಟ್ಟವನು ತೀರಿಕೊಂಡು, ಅವನ ಮಕ್ಕಳು ಪಂಚಾಯ್ತಿಯಲ್ಲಿ ಖಾತೆ ಬದಲಿಗೆ ಅರ್ಜಿ ಹಾಕಿದ ದಿನ ಅವು ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಸಾಕ್ಷಿ ಹಾಕಿದವರೂ ಇರುವುದಿಲ್ಲ.

ಹೆಚ್ಚಿನ ಪೆಟ್ಟು ಬೀಳುವುದು ಹೆಣ್ಣುಮಕ್ಕಳಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದಾದಮೇಲೆ ನಮ್ಮ ಊರುಗಳಲ್ಲಿ ‘ಹಕ್ಕು ಬಿಟ್ಟುಕೊಟ್ಟಿದ್ದೇನೆ’ ಎಂಬ ನೋಟರಿ ಪತ್ರಗಳಿಗೆ ಬೇಡಿಕೆ. ಅರಿಸಿನ ಕುಂಕುಮಕ್ಕೆ ತವರಿಗೆ ಬಂದ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಂಡು ಕಳಿಸುವುದು ವಾಡಿಕೆಯೇ ಆಗಿದೆ. ಸ್ಥಿರಾಸ್ತಿಯ ಹಕ್ಕು ಬಿಡುಗಡೆಗೆ ನೋಂದಣಿ ಕಡ್ಡಾಯ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿತ್ತು ಎಂದು ವಾದಿಸುವುದಾದರೆ, ಆ ಪಾಲು ನೋಂದಾಯಿತ ಪತ್ರದಿಂದ ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆಗಿರಬೇಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮೇ ಹೇಳುತ್ತದೆ. ಅಂದರೆ ಅಣ್ಣನ ಕೈಯಲ್ಲಿರುವುದು ಹಕ್ಕು ಕೊಡದ ಕಾಗದ, ತಂಗಿಯ ಮನಸ್ಸಿನಲ್ಲಿರುವುದು ಹಕ್ಕು ಹೋಯಿತೆಂಬ ನಂಬಿಕೆ. ಅವನಿಗೆ ಸುಳ್ಳು ಧೈರ್ಯ, ಅವಳಿಗೆ ಸುಳ್ಳು ನಿರಾಶೆ, ಎರಡನ್ನೂ ಕೊಟ್ಟದ್ದು ಅದೇ ದುಂಡು ಮುದ್ರೆ.

ಈ ನಂಬಿಕೆಯ ಬಣ್ಣ ಬಯಲಾಗುವುದು ಬ್ಯಾಂಕಿನ ಮೇಜಿನ ಮುಂದೆ. ಮನೆ ಸಾಲ ಕೇಳಲು ಹೋದರೆ ಬ್ಯಾಂಕಿನ ವಕೀಲರು ಮೊದಲು ಕೇಳುವುದು ಮೂಲ ಕ್ರಯಪತ್ರ, ಅದರ ಹಿಂದಿನ ಪತ್ರಗಳ ಸರಣಿ, ಋಣಭಾರ ಪತ್ರ (ಇ.ಸಿ.), ಇ-ಸ್ವತ್ತಿನ ನಮೂನೆ. ನೋಟರಿ ಕರಾರನ್ನು ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಾರೆ. ಅಷ್ಟೇ ಅಲ್ಲ, ಮೂಲಪತ್ರ ಠೇವಣಿ ಇಟ್ಟು ಮಾಡುವ ಅಡಮಾನವನ್ನು ಸರ್ಕಾರ ಅಧಿಸೂಚಿಸಿದ ಪಟ್ಟಣದಲ್ಲೇ ಮಾಡಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಂ ಹೇಳುತ್ತದೆ. ಮನೆ ಹಳ್ಳಿಯಲ್ಲಿದ್ದರೂ ಪತ್ರ ಪಟ್ಟಣದ ಶಾಖೆಯಲ್ಲಿ ಒಪ್ಪಿಸಬೇಕು. ನೋಟರಿ ಹೊಸ್ತಿಲಿಗೇ ಬಂದರೂ ಆ ಪ್ರಯಾಣ ತಪ್ಪುವುದಿಲ್ಲ. ಮೂಲಪತ್ರದ ಬೆಲೆ ಎಷ್ಟೆಂದು ರಿಸರ್ವ್ ಬ್ಯಾಂಕಿಗೂ ಗೊತ್ತು. ಸಾಲ ತೀರಿದ 30 ದಿನದೊಳಗೆ ಅದನ್ನು ಹಿಂದಿರುಗಿಸದ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸರ್ಕಾರವೂ ಇದನ್ನು ಅರಿತಿದೆ. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ತಾಂಡಾ, ಹಟ್ಟಿಗಳ ಜನರಿಗೆ 1,11,111 ಹಕ್ಕುಪತ್ರ ಹಂಚಿದಾಗ ಅವುಗಳಿಗೆ ನೋಂದಣಿಯ ಬಲವನ್ನೂ ಸೇರಿಸಿತು. ಬರೀ ಕಾಗದ ಸಾಲದೆಂದು ಗೊತ್ತಿದ್ದೇ ಹಾಗೆ ಮಾಡಿದ್ದು.

ಹಾಗಾದರೆ ನೋಟರಿಯೇ ಬೇಡವೇ? ನೋಟರಿಯೆಂದರೆ ದುಡ್ಡಿಗೆ ಮುದ್ರೆ ಒತ್ತುವವನು ಅಷ್ಟೇ ಎಂದು ತಳ್ಳಿಹಾಕುವುದೂ ತಪ್ಪು. ಹರಪನಹಳ್ಳಿಯಂಥ ತಾಲ್ಲೂಕಿಗೆ ಆತನ ಅಗತ್ಯ ನಿಜವಾಗಿಯೂ ಇದೆ. ಈ ತಾಲ್ಲೂಕು 1953ರವರೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿಗೆ ಸೇರಿತು. 1997ರಲ್ಲಿ ದಾವಣಗೆರೆಗೆ ಹೋಯಿತು, ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ ಮರಳಿ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಒಂದೇ ಮನೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಇಷ್ಟು ಸಲ ಬದಲಾಗಿರುತ್ತದೆ. ಜೊತೆಗೆ ಪಹಣಿಯಲ್ಲಿ ‘ಕೊಟ್ರಪ್ಪ’, ಆಧಾರಿನಲ್ಲಿ ‘ಕೊಟ್ರೇಶಪ್ಪ’, ಶಾಲೆಯ ದಾಖಲೆಯಲ್ಲಿ ‘ಕೊಟ್ರೇಶ’. ಮೂವರೂ ಒಬ್ಬನೇ ಎಂಬ ಅಫಿಡವಿಟ್, ವಂಶವೃಕ್ಷದ ಅಫಿಡವಿಟ್, ಇವಿಲ್ಲದೆ ಸಾಲದ ಕಡತ ಮುಂದೆ ಹೋಗದು. ಅಫಿಡವಿಟ್ ಎಂದರೆ ಪ್ರಮಾಣ. ಉಚ್ಚಂಗೆಮ್ಮನ ಮೇಲೆ ಆಣೆ ಇಡು ಎಂದರೆ ಹತ್ತು ಸಲ ಯೋಚಿಸುವವರು ಅಫಿಡವಿಟ್ಟಿಗೆ ಓದದೆ ಸಹಿ ಹಾಕುತ್ತಾರೆ, ಏಕೆಂದರೆ ಯಾರೂ ಅವರ ಮುಖ ನೋಡಿ ‘ಇದು ನಿಜವೇನಮ್ಮ?’ ಎಂದು ಕೇಳಿರುವುದಿಲ್ಲ. ಸುಳ್ಳು ಪ್ರಮಾಣಕ್ಕೆ ಜೈಲು ಇದೆಯೆಂಬುದನ್ನೂ ಹೇಳಿರುವುದಿಲ್ಲ.

ಆ ಪ್ರಶ್ನೆ ಕೇಳಲು ನೋಟರಿ ಊರಿಗೆ ಬರಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ. 1956ರ ನೋಟರಿ ನಿಯಮಗಳಲ್ಲೇ ಶುಲ್ಕದ ಜೊತೆ ಪ್ರಯಾಣ ಭತ್ಯೆಗೆ ಅವಕಾಶವಿದೆ. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕು, ಪುಸ್ತಕದಲ್ಲಿ ಪ್ರತಿಯೊಂದನ್ನೂ ದಾಖಲಿಸಬೇಕು ಎಂಬ ನಿಯಮವೂ ಇದೆ. ಆತನ ಪ್ರಮಾಣಪತ್ರದಲ್ಲಿ ನಮೂದಾದ ಪ್ರದೇಶದೊಳಗೆ ಹಲವಾಗಲು ಬಂದರಾಯಿತು. ಹೊಳೆ ತುಂಬಿ ಗರ್ಭಗುಡಿ ಊರಿನ ರಸ್ತೆ ಮುಳುಗುವ ದಿನಗಳಲ್ಲಿ, ಹಾಸಿಗೆ ಹಿಡಿದವರ ಮನೆಯಲ್ಲಿ, ಇಂಥ ಭೇಟಿ ದೊಡ್ಡ ಉಪಕಾರ. ಇನ್ನೂ ದೊಡ್ಡ ಸೌಲಭ್ಯವೊಂದು ಯಾರ ಬಾಯಲ್ಲೂ ಬರುವುದಿಲ್ಲ: 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂಗಳ ಪ್ರಕಾರ ನಡೆದಾಡಲಾಗದವರ ಮನೆಗೆ ಉಪನೋಂದಣಾಧಿಕಾರಿಯೇ ಬರಬಹುದು. ಹಕ್ಕು ಕೊಡುವ ಮುದ್ರೆ ಆ ಅಧಿಕಾರಿಯದು. ಮಧ್ಯವರ್ತಿಗೆ ಅದರಿಂದ ಲಾಭವಿಲ್ಲ, ಹಾಗಾಗಿ ಅದು ಪ್ರಚಾರಕ್ಕೂ ಬರುವುದಿಲ್ಲ.

ಪರದೇಶದಲ್ಲಿರುವ ಮಕ್ಕಳೂ ಇದರಲ್ಲೇ ಎಡವುತ್ತಾರೆ. ಡಲ್ಲಾಸಿನಲ್ಲಿದ್ದವನು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ಮುಖ್ತ್ಯಾರನಾಮೆ ಬರೆದು ಕಳಿಸಿದರೆ ಅದನ್ನು ಇಲ್ಲಿಯ ನೋಂದಣಿಗೆ ಒಪ್ಪುವ ದಾರಿ ನೋಂದಣಿ ಕಾಯ್ದೆಯ 33ನೇ ಕಲಮಿನಲ್ಲಿದೆ. ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆದರೆ ಬೆಂಗಳೂರಿನಲ್ಲೇ ಇರುವ ಅವನ ತಮ್ಮ ತನ್ನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಊರಿನವನಿಗೆ ಅಧಿಕಾರ ಕೊಡುವುದಾದರೆ ನೋಟರಿ ಮುದ್ರೆ ಸಾಲದು, ತಾನಿರುವ ಕಡೆಯ ಉಪನೋಂದಣಾಧಿಕಾರಿಯ ಮುಂದೆ ದೃಢೀಕರಿಸಬೇಕು. ಅಮೆರಿಕದಿಂದ ಬಂದದ್ದು ನಡೆಯಿತು, ಬೆಂಗಳೂರಿನದು ನಡೆಯಲಿಲ್ಲ ಎಂಬ ಗೊಂದಲಕ್ಕೆ ಕಾರಣ ಇದೇ.

ಆದ್ದರಿಂದ ಕೇಳಬೇಕಾದದ್ದು ಮನೆ ಬಾಗಿಲಿನ ಮುದ್ರೆಯನ್ನಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಗೊತ್ತಾದ ದಿನ ನೋಟರಿ ಕೂರಲಿ, ಶುಲ್ಕದ ಪಟ್ಟಿ ಗೋಡೆಯ ಮೇಲಿರಲಿ. ಸಹಿಗೆ ಮೊದಲು ಕಾಗದವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಕರಾರು, ಪಾಲುಪಟ್ಟಿ, ಹಕ್ಕು ಬಿಡುಗಡೆಯ ಕಾಗದವಾದರೆ ‘ಇದರಿಂದ ಒಡೆತನ ವರ್ಗಾವಣೆಯಾಗುವುದಿಲ್ಲ, ನೋಂದಣಿ ಮಾಡಿಸತಕ್ಕದ್ದು’ ಎಂಬ ಸಾಲನ್ನು ಮುದ್ರೆಯ ಮೇಲೆಯೇ ಬರೆಯಲಿ. ಸಹಿ ಮಾಡುವವರು ಎದುರಿಗೆ ಇಲ್ಲದಿದ್ದರೆ ಕವರನ್ನು ಹಾಗೆಯೇ ವಾಪಸು ಕಳಿಸಲಿ. ಹೀಗಾದರೆ ನೋಟರಿಯ ಮುಂದೆ ಬರುವ ಕಾಗದಗಳು ಕಡಿಮೆಯಾದಾವು, ಮಧ್ಯವರ್ತಿಗೆ ನಷ್ಟವೂ ಆದೀತು. ಉಳಿದ ಕಾಗದಗಳಲ್ಲಿ ‘ನನ್ನ ಸಮಕ್ಷಮ’ ಎಂಬ ಮಾತಾದರೂ ನಿಜವಾಗಿರುತ್ತದೆ. ನೋಟರಿಯಿಂದ ಕಾನೂನು ಕೇಳುವುದೂ ಅಷ್ಟನ್ನೇ.