ಬೆಳ್ಳೆಲೆಯೂ ಕರಿಬಾನೂ

ಬೇಸಗೆಯ ನಡುಹಗಲಿನಲ್ಲಿ, ಬೆಳಕು ಕಟುವಾಯಿತೆಂದು ಉಳಿದ ಛಾಯಾಗ್ರಾಹಕರೆಲ್ಲರೂ ಕ್ಯಾಮೆರಾಗಳನ್ನು ಚೀಲಕ್ಕೆ ಸೇರಿಸಿ ಮತಂಗ ಬೆಟ್ಟದಿಂದ ಇಳಿದುಹೋದ ಮೇಲೆ, ಅವಗೆಂಪು ಕಿರಣಗಳಿಗೆ ಮಾತ್ರ ಎಡೆಗೊಡುವ ಫಿಲ್ಟರಿನೊಡನೆ ಅಲ್ಲಿಯೇ ನಿಂತವನಿಗೆ ಹಂಪೆಯು ತನ್ನ ಇನ್ನೊಂದು ರೂಪವನ್ನು ತೆರೆದು ತೋರುತ್ತದೆ: ತುಂಗಭದ್ರೆ ಕಾಡಿಗೆಯ ಗೆರೆಯಾಗುತ್ತಾಳೆ, ಬಾಳೆಯ ತೋಟಗಳು ಹಿಂಜಿದ ಅರಳೆಯಂತೆ ಬೆಳಗುತ್ತವೆ, ಬಾನು ಕಪ್ಪಿಡುತ್ತದೆ. ಆ ನೋಟವನ್ನು ಮೊದಲು ಕಂಡಂದಿನ ವಿಸ್ಮಯ ನನ್ನಲ್ಲಿ ಇಂದಿಗೂ ಆರಿಲ್ಲ. ಆದುದರಿಂದಲೇ, ಆ ವಿಸ್ಮಯಕ್ಕೆ ತಕ್ಕ ಚಿತ್ರಗಳು ಇಷ್ಟು ವಿರಳವಾಗಿರುವುದೇಕೆಂಬ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ.

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದ ಭೂದೃಶ್ಯಗಳಲ್ಲಿಯೇ ಈ ಕಲೆಯ ವ್ಯಾಕರಣವೆಲ್ಲ ಅಡಕವಾಗಿದೆ. ಕೆಂಪು ಬೆಳಕನ್ನು ಹೀರಿಕೊಳ್ಳುವ ಪತ್ರಹರಿತ್ತು ಸುಮಾರು 700 ನ್ಯಾನೊಮೀಟರಿನಿಂದಾಚೆಯ ಬೆಳಕನ್ನು ತಡೆಯದೆ ಒಳಬಿಡುವುದರಿಂದ, ಅದು ಎಲೆಯ ಕೋಶಭಿತ್ತಿಗಳಿಗೂ ಅವುಗಳ ನಡುವಣ ಗಾಳಿಯ ತೆರಪುಗಳಿಗೂ ತಾಗಿ ಹೊರಕ್ಕೆ ಚೆಲ್ಲುತ್ತದೆ. ದೀರ್ಘ ತರಂಗಗಳನ್ನು ವಾಯುಮಂಡಲವು ಅಷ್ಟಾಗಿ ಚದುರಿಸದಿರುವುದರಿಂದ ಬಾನೂ, ಬಾನಿನ ಬೆಳಕನ್ನೇ ನೆಚ್ಚಿದ ನೆರಳುಗಳೂ ಕಪ್ಪಾಗುತ್ತವೆ. ಇವು ಬಿಸಿಯನ್ನು ತೋರುವ ಚಿತ್ರಗಳೆಂಬ ಭ್ರಮೆ ಬಹುಜನರಲ್ಲಿದೆ. ವಾಸ್ತವದಲ್ಲಿ ಎಲೆಗಳು ಹಿಂತಿರುಗಿಸಿದ ಬಿಸಿಲೇ ಇಲ್ಲಿ ಮೂಡುವುದು. ಇದು ಮಂಜನ್ನು ಭೇದಿಸುವುದೆಂಬ ಮಾತೂ ಅರ್ಧಸತ್ಯವೇ ಸರಿ. ದೂರದ ಬೆಟ್ಟವನ್ನು ಮಬ್ಬಾಗಿಸುವ ತೆಳುಮುಸುಕು ಹರಿಯಬಹುದು, ಸಕಲೇಶಪುರದ ಕಣಿವೆಯಲ್ಲಿ ದಟ್ಟೈಸುವ ಮಂಜಿನ ಹನಿಗಳೆದುರಿಗೆ ಈ ಕಿರಣವೂ ಸೋಲುತ್ತದೆ.

ಚಿತ್ರ ತೆಗೆಯುವ ಕಷ್ಟಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಸಿಲಿಕಾನ್ ಸೆನ್ಸರಿಗೆ ಅವಗೆಂಪನ್ನು ಗ್ರಹಿಸುವ ಶಕ್ತಿ ಸಹಜವಾಗಿಯೇ ಇದ್ದರೂ ತಯಾರಕರು ಅದರ ಮುಂದೆ ತಡೆಗಾಜನ್ನಿಟ್ಟಿರುವುದರಿಂದ, ಒಂದೋ ಆ ಗಾಜನ್ನು ತೆಗೆಸಬೇಕು, ಇಲ್ಲವೇ ಲೆನ್ಸಿಗೆ ಕಡುಗಪ್ಪು ಫಿಲ್ಟರನ್ನು ತೊಡಿಸಿ ಟ್ರೈಪಾಡಿನ ಮೇಲೆ ಹಲವು ಸೆಕೆಂಡುಗಳ ಕಾಲ ಕಾಯಬೇಕು. ಆ ಕಾಯುವಿಕೆಯಲ್ಲಿ ಎಲೆಗಳು ಗಾಳಿಗೆ ಕದಡಿಹೋಗುತ್ತವೆ. ಎಲೆಯೇ ನಾಯಕನಾಗಿರುವ ಚಿತ್ರಕ್ಕೆ ಇದು ಸಣ್ಣ ನಷ್ಟವಲ್ಲವಾದುದರಿಂದ ನಾನು ಮೊದಲನೆಯ ದಾರಿಯ ಪಕ್ಷಪಾತಿ.

ಚಿತ್ರ ಕೆಡುವುದು ಬಹುಮಟ್ಟಿಗೆ ಸಂಸ್ಕರಣದ ಮೇಜಿನ ಮೇಲೆ. ಮೇಲಿನ ಎಲೆಯನ್ನು ಹಾಯ್ದ ಬೆಳಕು ಕೆಳಗಿನ ಎಲೆಗೆ ತಾಗಿ ಮತ್ತೆ ಮೇಲೇರುವುದರಿಂದ, ದಟ್ಟವಾದ ತೋಪು ವಿರಳವಾದ ತೋಪಿಗಿಂತ ಹೆಚ್ಚು ಬೆಳ್ಳಗಿರುತ್ತದೆ. ಈ ತಾರತಮ್ಯವೇ ಅವಗೆಂಪು ಚಿತ್ರದ ಪ್ರಾಣ. ಅದನ್ನರಿಯದೆ, ಹಿಮದ ಭ್ರಾಂತಿಗೆ ಮರುಳಾಗಿ, ಹಸುರೆಲ್ಲವೂ ಸುಣ್ಣ ಬಳಿದಂತಾಗುವವರೆಗೆ ಹೊಳಪನ್ನೇರಿಸುವ ಅಭ್ಯಾಸ ಎಲ್ಲೆಡೆಯೂ ಬೆಳೆದಿದೆ. ನನ್ನ ಹಂಪೆಯ ಮೊದಲ ಚಿತ್ರಗಳಲ್ಲಿ ನಾನೂ ಹೀಗೆಯೇ ಮಾಡಿ, ಬಾಳೆಗೂ ಗಿಡಗಂಟಿಗೂ ಭೇದವಿಲ್ಲದಂತೆ ಅಳಿಸಿಹಾಕಿದ್ದೆ.

ಬಣ್ಣದ ಪ್ರಶ್ನೆ ಇದಕ್ಕಿಂತ ಜಟಿಲವಾದುದು. 720 ನ್ಯಾನೊಮೀಟರಿನ ಫಿಲ್ಟರಿನಿಂದ ಬಂದ ಕೆಂಪು ಮುಳುಗಿದ ಚಿತ್ರದಲ್ಲಿ ಎಲೆಯನ್ನು ಆಧಾರವಾಗಿಟ್ಟು ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಬಾನು ಕಂದುಗಿತ್ತಳೆಯಾಗುತ್ತದೆ. ಬಳಿಕ ಫೋಟೋಶಾಪಿನಲ್ಲಿ ಕೆಂಪು, ನೀಲಿ ಚಾನಲ್‌ಗಳನ್ನು ಅದಲುಬದಲು ಮಾಡಿದೊಡನೆ ಅದು ನೀಲವರ್ಣಕ್ಕೆ ತಿರುಗುತ್ತದೆ. ನೋಡಲು ರಮ್ಯವಾದ ಈ ನೀಲಿಗೆ ಆಕಾಶದಲ್ಲಿ ಬೇರಿಲ್ಲ. ಸೆನ್ಸರಿನ ಮೂರು ಬಣ್ಣದ ಲೇಪಗಳು ಅವಗೆಂಪನ್ನು ಹೆಚ್ಚುಕಡಮೆಯಾಗಿ ಒಳಬಿಡುವುದರಿಂದ ಹುಟ್ಟಿದ ವ್ಯತ್ಯಾಸ ಅದು. 850ರ ಫಿಲ್ಟರನ್ನಿಟ್ಟರೆ ಆ ವ್ಯತ್ಯಾಸ ಅಳಿದು ಕಪ್ಪುಬಿಳುಪೇ ಉಳಿಯುತ್ತದೆ. ಸಾವಿರ ಊರುಗಳ ಚಿತ್ರಗಳು ಒಂದೇ ನೀಲಿಬಾನಿನಡಿಯಲ್ಲಿ ಸಮನಾಗಿಬಿಟ್ಟಿರುವುದನ್ನು ಕಂಡು ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಹಾಗೆಂದು ಕೃತಕವರ್ಣವೇ ದೋಷವೆನ್ನಲಾಗದು. 1988ರಲ್ಲಿ ಗಗನಕ್ಕೇರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ದತ್ತಾಂಶದಿಂದ ರಚಿಸಿದ ಚಿತ್ರಗಳಲ್ಲಿ ಅವಗೆಂಪಿಗೆ ಕೆಂಪನ್ನು ನಿಯಮವಾಗಿ ಕೊಟ್ಟಿರುವುದರಿಂದ, ಬೆಳೆಯನ್ನು ಅದರ ಕೆಂಪಿನಿಂದಲೇ ಓದಬಹುದು. ಐರ್ಲೆಂಡಿನ ರಿಚರ್ಡ್ ಮೋಸ್ ಪೂರ್ವ ಕಾಂಗೊದ ಯುದ್ಧಭೂಮಿಯಲ್ಲಿ ಕೊಡಕ್ ಏರೋಕ್ರೋಮ್ ಫಿಲ್ಮನ್ನು ಬಳಸಿದಾಗಲೂ ಬಣ್ಣ ಅರ್ಥವಾಯಿತು: ಜೀವಂತ ಹಸುರಿನಿಂದ ಸೇನೆಯ ಮರೆವೇಷವನ್ನು ಬೇರ್ಪಡಿಸುವ ವಿದ್ಯೆಯ ಸಂತತಿಗೆ ಸೇರಿದ ಆ ಫಿಲ್ಮು, ಲೋಕವು ಕಾಣದೆ ಬಿಟ್ಟ ಯುದ್ಧದ ಬೆಟ್ಟಗಳನ್ನು ಗುಲಾಲಿನಲ್ಲಿ ಅದ್ದಿ ಕಣ್ಣೆದುರಿಗಿಟ್ಟಿತು. ಇಂಥ ಸೌಂದರ್ಯ ಸಂಕಟವನ್ನು ಮರೆಸುವುದೆಂಬ ಆಕ್ಷೇಪಕ್ಕೆ ಬಲವಿಲ್ಲದಿಲ್ಲ. ಆದರೂ 2013ರ ವೆನಿಸ್ ಪ್ರದರ್ಶನದಲ್ಲಿದ್ದ ಅವರ ‘ದಿ ಎನ್‌ಕ್ಲೇವ್’ ಕೃತಿಯನ್ನು ನಾನು ಈ ಮಾರ್ಗದ ಶಿಖರವೆಂದೇ ಎಣಿಸುತ್ತೇನೆ.

ಹಳೆಯ ಕೊಡಕ್ ಅವಗೆಂಪು ಫಿಲ್ಮಿನಲ್ಲಿ, ಒಳಗೆ ಪ್ರತಿಫಲಿಸುವ ಬೆಳಕನ್ನು ಹೀರುವ ಪದರವಿಲ್ಲದುದರಿಂದ, ಬೆಳಗುವ ಅಂಚುಗಳಿಗೆಲ್ಲ ಪ್ರಭಾವಳಿ ಕಟ್ಟುತ್ತಿತ್ತು. ಪಾಳುಬಂಗಲೆಗಳನ್ನು ಅವಗೆಂಪಿನಲ್ಲಿ ಹಿಡಿದ ಇಂಗ್ಲೆಂಡಿನ ಸೈಮನ್ ಮಾರ್ಸ್ಡನ್ ಅವರ ಪ್ರೇತಲೋಕಕ್ಕೆ ಅಂಥ ಮಸುಕು ಸಲ್ಲುತ್ತದೆ. ಇಂದು ಅದನ್ನೇ ಗಣಕದಲ್ಲಿ ಅನುಕರಿಸಿ ಪ್ರತಿ ಮರಕ್ಕೂ ಅಂಟಿಸುವುದು ಫಿಲ್ಮಿನ ಊನವನ್ನು ಬೆಳಕಿನ ಗುಣವೆಂದು ತಿಳಿದಂತೆ.

ಕಳೆದ ವರ್ಷ ಹಂಪೆಯ ಆ ಮೂಲಚಿತ್ರಗಳನ್ನು ಹೊರತೆಗೆದು, ಕಪ್ಪುಬಿಳುಪಿನಲ್ಲಿ, ಬಿಳುಪನ್ನು ಎಷ್ಟೋ ಮೆಟ್ಟಿಲು ಕೆಳಗಿಳಿಸಿ ಮತ್ತೆ ಸಂಸ್ಕರಿಸಿದೆ. ಹಿಮ ಕರಗಿತು, ನದಿಯ ದಡದ ಹಳೆಯ ತೋಟ ಬೆಳಗುತ್ತ ನಿಂತಿತು. ಅದರ ಪಕ್ಕದಲ್ಲಿ ಆಗತಾನೆ ಕಂದು ನೆಟ್ಟಿದ್ದ ಪುಟ್ಟ ಹೊಲವೊಂದಿತ್ತು, ಸಾಲುಗಳ ನಡುವೆ ಕಪ್ಪು ಮಣ್ಣು ಕಾಣುತ್ತ.