ರೇಖೆಯ ಅಗಲದಲ್ಲಿ ಕಪ್ಪು ಕುಳಿಯ ತೂಕ

ಸ್ವಾತಿ ನಕ್ಷತ್ರವಿರುವ ಬೂಟಿಸ್ ಪುಂಜದ ದಿಕ್ಕಿನಲ್ಲಿ, ಸುಮಾರು 24 ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಎನ್‌ಜಿಸಿ 5548 ಗೆಲಾಕ್ಸಿಯ ನಟ್ಟನಡುವೆ ಛಾಯಾಚಿತ್ರದಲ್ಲಿ ಕಾಣುವುದು ಪ್ರಖರವಾದ ಒಂದು ಚುಕ್ಕೆ ಮಾತ್ರ. ಆ ಬೆಳಕನ್ನು ತರಂಗದೂರಗಳಿಗೆ ಅನುಗುಣವಾಗಿ ಬಿಡಿಸಿದಾಗ ದೊರೆಯುವ ರೋಹಿತದಲ್ಲಾದರೋ, ಅಲ್ಲಿನ ಅನಿಲದ ವೇಗ ಮತ್ತು ಸಾಂದ್ರತೆಗಳ ಜೊತೆಗೆ ಕೇಂದ್ರದ ಕಪ್ಪು ಕುಳಿಯ ದ್ರವ್ಯರಾಶಿಯ ಸುಳಿವೂ ಇರುತ್ತದೆ. ಕೇಂದ್ರದಿಂದ ಅಪಾರ ಶಕ್ತಿಯನ್ನು ಹೊಮ್ಮಿಸುವ ಇಂಥವುಗಳಿಗೆ ಸಕ್ರಿಯ ಗೆಲಾಕ್ಸಿಗಳೆಂದು ಹೆಸರು. ಇವುಗಳಲ್ಲಿ ಒಂದು ಬಗೆಯನ್ನು 1943ರಲ್ಲಿ ಅಮೆರಿಕದ ಕಾರ್ಲ್ ಸೀಫರ್ಟ್ ವಿವರವಾಗಿ ಅಭ್ಯಸಿಸಿದ್ದರಿಂದ ಅವು ಸೀಫರ್ಟ್ ಗೆಲಾಕ್ಸಿಗಳೆನಿಸಿದವು.

ರೋಹಿತದ ನೀಲಿ-ಹಸಿರು ಭಾಗದಲ್ಲಿ ಹೈಡ್ರೋಜನ್ನಿನ ಎಚ್-ಬೀಟಾ ರೇಖೆಯ ಸಹಜ ಸ್ಥಾನ 486.1 ನ್ಯಾನೊಮೀಟರ್. ಅನಿಲದ ಒಂದು ಪಾಲು ನಮ್ಮತ್ತ, ಇನ್ನೊಂದು ಪಾಲು ನಮ್ಮಿಂದಾಚೆಗೆ ಧಾವಿಸುತ್ತಿದ್ದರೆ ಡಾಪ್ಲರ್ ಪರಿಣಾಮದಿಂದ ರೇಖೆ ಎರಡೂ ಬದಿಗೆ ಹರಡುತ್ತದೆ. ಸೆಕೆಂಡಿಗೆ 5,000 ಕಿ.ಮೀ. ವೇಗವಿದ್ದಲ್ಲಿ ಈ ಪಲ್ಲಟ 8 ನ್ಯಾನೊಮೀಟರಿನಷ್ಟಾಗುತ್ತದೆ. ಪಕ್ಕದಲ್ಲೇ, 495.9 ಮತ್ತು 500.7ರಲ್ಲಿ, ಆಕ್ಸಿಜನ್ ಅಯಾನಿನ ಜೋಡಿ ರೇಖೆಗಳು ಕಿರಿದಾಗಿ ನಿಂತಿರುತ್ತವೆ. ಪರಮಾಣುಗಳು ಪದೇ ಪದೇ ಡಿಕ್ಕಿಯಾಗುವ ದಟ್ಟ ಅನಿಲದಲ್ಲಿ ಈ ರೇಖೆಗಳು ಬಲವಾಗಿ ಮೂಡಲಾರವಾದ್ದರಿಂದ, ವೇಗವಾಗಿ ಚಲಿಸುವ ಅನಿಲವು ದಟ್ಟವಾಗಿ ಕೇಂದ್ರದ ಬಳಿಯಲ್ಲಿಯೂ ನಿಧಾನದ ಅನಿಲವು ವಿರಳವಾಗಿ ಬಹುದೂರದಲ್ಲಿಯೂ ಇದೆಯೆಂದು ತಿಳಿಯುತ್ತದೆ.

ವೇಗದ ಅನಿಲ ಎಷ್ಟು ದೂರದಲ್ಲಿದೆ ಎಂಬುದನ್ನು ಕಾಲವೇ ಅಳೆದುಕೊಡುತ್ತದೆ. ಕಪ್ಪು ಕುಳಿಯೊಳಕ್ಕೆ ಸುತ್ತುತ್ತ ಇಳಿಯುವ ದ್ರವ್ಯದ ತಟ್ಟೆ ಹೊಳಪೇರಿದರೆ, ಆ ಬೆಳಕು ಅನಿಲವನ್ನು ತಲುಪಿದ ಮೇಲಷ್ಟೇ ಎಚ್-ಬೀಟಾ ಪ್ರಬಲಗೊಳ್ಳುತ್ತದೆ. 1982ರಲ್ಲಿ ಖಗೋಳ ಭೌತವಿಜ್ಞಾನಿಗಳಾದ ಬ್ಲಾಂಡ್‌ಫೋರ್ಡ್ ಮತ್ತು ಮೆಕೀ ರೂಪಿಸಿದ ಈ ವಿಧಾನವನ್ನು 1988-89ರಲ್ಲಿ ಎನ್‌ಜಿಸಿ 5548ಕ್ಕೆ ಅನ್ವಯಿಸಿದಾಗ ಕಂಡ ವಿಳಂಬ ಸುಮಾರು 20 ದಿನ. ಅಂದರೆ ಆ ಅನಿಲದ ದೂರ ಸುಮಾರು 20 ಬೆಳಕಿನ ದಿನಗಳು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ವೇಗದ ಅನಿಲವನ್ನು ಹಿಡಿದಿಡಲು ಸುಮಾರು 5ರಿಂದ 7 ಕೋಟಿ ಸೂರ್ಯರ ದ್ರವ್ಯರಾಶಿ ಬೇಕು.

ಅನಿಲದ ವಿನ್ಯಾಸ ಪೂರ್ಣವಾಗಿ ತಿಳಿಯದ ಕಾರಣ ಈ ಅಂಕಿಯಲ್ಲಿ ಅನಿಶ್ಚಿತತೆ ಉಳಿದಿದೆಯಾದರೂ, ವಿಧಾನದ ತಳಹದಿ ಗಟ್ಟಿಯಾದದ್ದು. ಮುಂದಿನ ವರ್ಷಗಳ ವೀಕ್ಷಣೆಗಳಲ್ಲಿ ಕೇಂದ್ರ ಹೆಚ್ಚು ಹೊಳೆದಾಗ ವಿಳಂಬ ದೀರ್ಘವಾಯಿತು, ರೇಖೆ ಕಿರಿದಾಯಿತು. ದೂರದ ಗ್ರಹ ನಿಧಾನವಾಗಿ ಸುತ್ತುವ ನಿಯಮವೇ ಇಲ್ಲಿಯೂ ಕಂಡಿತು. ಸ್ಲೋನ್ ಆಕಾಶ ಸಮೀಕ್ಷೆಯ ರೋಹಿತಗಳು ಇಂದು ಎಲ್ಲರಿಗೂ ಮುಕ್ತವಾಗಿವೆ. ಆಸಕ್ತರು ಅಗಲ ರೇಖೆಯ ಸೀಫರ್ಟ್ ಗೆಲಾಕ್ಸಿಯೊಂದನ್ನು ಆರಿಸಿಕೊಂಡು, ಎಚ್-ಬೀಟಾದ ಬುಡದ ಹರವನ್ನು ಪಕ್ಕದ ಆಕ್ಸಿಜನ್ ರೇಖೆಗಳೊಡನೆ ಹೋಲಿಸಿ ನೋಡಲೇಬೇಕು.