ವ್ಯಾಯಾಮ ಶಿಕ್ಷಕರ ತರಬೇತಿಯನ್ನು ಅಳೆಯುವ ಬಗೆ

ತರಬೇತಿ ವರ್ಗ ಮುಗಿದ ದಿನ ಒಂದು ಹಾಳೆಯನ್ನು ಹಂಚುವ ಪದ್ಧತಿಯುಂಟು. ವ್ಯಾಖ್ಯಾನ ಹೇಗಿತ್ತು, ವಸತಿ ಹೇಗಿತ್ತು, ಊಟ ಹೇಗಿತ್ತು? ಎಲ್ಲಕ್ಕೂ ‘ಉತ್ತಮ’ವೆಂದು ಗುರುತು ಹಾಕಿ ಶಿಕ್ಷಕನು ಊರಿನ ಬಸ್ಸು ಹಿಡಿಯುತ್ತಾನೆ. ಇದೇ ಮೌಲ್ಯಮಾಪನವೆಂದರೆ ನಾವು ಒಪ್ಪಲಾರೆವು. ಅಮೇರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್‌ರು 1959ರಷ್ಟು ಹಿಂದೆಯೇ ತರಬೇತಿಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ಅಳೆಯಲು ಸೂಚಿಸಿದ್ದರು: ಕಲಿತವರ ಮೆಚ್ಚಿಕೆ, ಕಲಿತ ವಿಷಯ, ಕೆಲಸದಲ್ಲಾದ ಬದಲಾವಣೆ, ಕೊನೆಗೆ ದೊರೆತ ಫಲ. ನಮ್ಮ ಹಾಳೆ ಮೊದಲನೆಯ ಮೆಟ್ಟಿಲಲ್ಲಿಯೇ ಕುಳಿತಿದೆ. ಪರೀಕ್ಷೆ ಬಹಳವಾದರೆ ಎರಡನೆಯದನ್ನು ಮುಟ್ಟೀತು.

ಈ ವಿದ್ಯೆ ನಮಗೆ ಹೊಸದಲ್ಲ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಖಾಸಬಾಗ ಕುಸ್ತಿ ಮೈದಾನವಿದೆ. ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್‌ರು 1920ರಲ್ಲಿಯೇ ವ್ಯಾಯಾಮ ಶಿಕ್ಷಕರ ವಿದ್ಯಾಲಯವನ್ನು ತೆರೆದರು. 2014ರ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ನಿಯಮಗಳು ಪ್ರಾಥಮಿಕ ಹಂತದ ಡಿ.ಪಿ.ಎಡ್. ವರ್ಗಕ್ಕೆ ಎರಡು ವರ್ಷದ ಅವಧಿಯನ್ನು ಗೊತ್ತುಪಡಿಸಿವೆ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆ ಅರೆಕಾಲಿಕ ವ್ಯಾಯಾಮ ಬೋಧಕನನ್ನು ಹೇಳುವುದು ಆರರಿಂದ ಎಂಟನೆಯ ಇಯತ್ತೆಗಳಿಗೆ, ಅದೂ ಮಕ್ಕಳು ನೂರಕ್ಕೆ ಮೀರಿದ್ದಲ್ಲಿ. ಕೆಳಗಿನ ತರಗತಿಗಳಲ್ಲಿ ಗಣಿತ ಕಲಿಸುವ ಗುರುಗಳೇ ಸೀಟಿ ಊದಬೇಕು. ಅವರಿಗೆ ದೊರೆಯುವ ಅಲ್ಪಾವಧಿಯ ವರ್ಗವನ್ನೇ ಮೊದಲು ಒರೆಗೆ ಹಚ್ಚಬೇಕಾಗಿದೆ.

ಒಂದು ಉದಾಹರಣೆ ನೋಡೋಣ. ಶಿಕ್ಷಕನು ಖೋಖೋ ನಿಯಮಗಳನ್ನು ಚೆನ್ನಾಗಿ ಕಲಿತು ಬಂದನೆನ್ನಿ. ಅಂಗಳದಲ್ಲಿ ನಲವತ್ತು ಮಕ್ಕಳು. ನಿಯಮದಂತೆ ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬನು ಬೆನ್ನಟ್ಟುತ್ತಾನೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ಅಂದರೆ ಒಂದು ಕ್ಷಣದಲ್ಲಿ ಓಡುವವರು ನಾಲ್ವರು. ಮೂವತ್ತಾರು ಮಕ್ಕಳು ನಿಂತ ಅಥವಾ ಕುಳಿತ ಪ್ರೇಕ್ಷಕರು! ನಿಯಮದ ಪರೀಕ್ಷೆಯಲ್ಲಿ ಈ ಶಿಕ್ಷಕನಿಗೆ ಪೂರ್ಣ ಅಂಕ. ಅದೇ ನಲವತ್ತು ಮಕ್ಕಳನ್ನು ನಾಲ್ಕು ಗುಂಪು ಮಾಡಿ, ನಿಯಮ ಸಡಿಲಿಸಿ, ಎಲ್ಲರನ್ನೂ ಓಡಿಸಬಲ್ಲವನಿಗೆ ಪರೀಕ್ಷೆಯಲ್ಲಿ ಪ್ರಶ್ನೆಯೇ ಇಲ್ಲ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ವರ್ಗ ಮುಗಿದ ಮೂರು ತಿಂಗಳ ಮೇಲೆ ಯಾರಾದರೂ ಗಡಿಯಾರ ಹಿಡಿದು ಅಂಗಳದ ಅಂಚಿನಲ್ಲಿ ನಿಲ್ಲಲಿ. ಒಂದು ಚುರುಕಾದ ಮಗು, ಒಂದು ಮೂಲೆ ಹಿಡಿದ ಮಗು, ಇವೆರಡೂ ಎಷ್ಟು ನಿಮಿಷ ಓಡಾಡಿದುವೆಂದು ಬರೆದುಕೊಳ್ಳಲಿ. ಹೆಣ್ಣುಮಕ್ಕಳನ್ನು ಮರೆಯದಿರಲಿ.

ದಾನೋಳಿಯಂಥ ಊರುಗಳ ಎರೆಮಣ್ಣಿನ ಅಂಗಳ ಮಳೆಗಾಲದಲ್ಲಿ ಕಾಲು ಕಚ್ಚುತ್ತದೆ. ಆಗ ಪಡಸಾಲೆಯಲ್ಲಿ ಏನು ಆಡಿಸಬೇಕೆಂಬುದೂ ಪಾಠಕ್ರಮದಲ್ಲಿರಬೇಕು. ಭಾಷೆಯ ಮಾತೂ ಉಂಟು. ಮರಾಠಿಯಲ್ಲಿ ತರಬೇತಿ ಪಡೆದ ಕನ್ನಡ ಶಾಲೆಯ ಗುರುಗಳಿಗೆ ‘ಸಾವಧಾನ’, ‘ವಿಶ್ರಾಮ’ಗಳು ತೊಡಕಲ್ಲ, ಮೊಣಕಾಲು ಹೇಗೆ ಬಾಗಿಸಬೇಕೆಂದು ಒಂದನೆಯ ಇಯತ್ತೆಯ ಮಗುವಿಗೆ ತಿಳಿಹೇಳುವಾಗ ತೊಡಕಾಗುತ್ತದೆ.

ಎಲ್ಲ ಲೋಪವನ್ನೂ ತರಬೇತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪರೀಕ್ಷೆ ಸಮೀಪಿಸಿದಾಗ ಆಟದ ತಾಸನ್ನು ಗಣಿತಕ್ಕೆ ಕೊಟ್ಟವರಲ್ಲಿ ನಾವೂ ಒಬ್ಬರು. ಆ ವರ್ಷ ನಮ್ಮ ವ್ಯಾಯಾಮ ಶಿಕ್ಷಕರನ್ನು ಅಳೆಯಲು ಯಾರಾದರೂ ಬಂದಿದ್ದರೆ ಅವರ ಎಣಿಕೆ ಸೊನ್ನೆಯಾಗುತ್ತಿತ್ತು. ಗಡಿಯಾರ ಹಿಡಿದು ಬರುವವರು ಮೊದಲು ಮುಖ್ಯಾಧ್ಯಾಪಕರ ಕೋಣೆಗೆ ಬಂದು ವೇಳಾಪತ್ರಿಕೆಯನ್ನು ಕೇಳಲಿ.